ದಂಡಿನಿಂದ ನಗರಸಭೆಗೆ



ಆಜ್ಞೆ ಮಾಡಬಲ್ಲವನು ಆಳಲೂ ಬಲ್ಲನೆಂಬ ನಂಬಿಕೆ ಲೋಕದಲ್ಲಿ ಬಹು ಹಳೆಯದು. ಪುರಾಣೇತಿಹಾಸಗಳಲ್ಲಿ ಕತ್ತಿಯೂ ಸಿಂಹಾಸನವೂ ಒಂದೇ ಮನೆಯ ಸೊತ್ತು. ಆದರೆ ಪ್ರಜೆಗಳ ಮತದಿಂದಲೇ ಅಧಿಕಾರ ಲಭಿಸುವ ನಾಡಿನಲ್ಲಿ ಯೋಧನ ಗತಿಯೇನು? ಕೆನಡಾ ದೇಶದ ವಿಲಿಯಂ ಗ್ರೀಸ್‌ಬಾಕನ ಜೀವನವು ಇದಕ್ಕೊಂದು ಉತ್ತರವನ್ನು ಕೊಡುತ್ತದೆ.

ಈತನು 1878ರಲ್ಲಿ ಪಶ್ಚಿಮದ ಹುಲ್ಲುಬಯಲುಗಳ ನಡುವಣ ಫೋರ್ಟ್ ಕ್ವಾಪೆಲ್ ಎಂಬಲ್ಲಿ ಜನಿಸಿದನು. ತಂದೆಯು ಆ ಸೀಮೆಯ ಅಶ್ವಾರೋಹಿ ಪೊಲೀಸು ದಳದ ಪಟ್ಟಿಯಲ್ಲಿ ಮೊದಲನೆಯ ಸಂಖ್ಯೆಯವನು. ಮಗನು ಬೋಯರ್ ಯುದ್ಧಕ್ಕೆ ಸಾಮಾನ್ಯ ಸವಾರನಾಗಿ ಹೋಗಿಬಂದು, ಎಡ್ಮಂಟನ್ ಪಟ್ಟಣದಲ್ಲಿ ವಕೀಲಿ ವೃತ್ತಿಯನ್ನು ಕೈಕೊಂಡನು. 1905ರಲ್ಲಿ ಆಲ್ಬರ್ಟಾ ಪ್ರಾಂತವು ಉದಯಿಸಿ ಮೊದಲ ಚುನಾವಣೆ ನಡೆದಾಗ ಸ್ಪರ್ಧಿಸಿ ಸೋತನು. ಆದರೂ ಮರುವರ್ಷದ ಕೊನೆಯಲ್ಲಿ ಪುರಜನರು ಅವನನ್ನೇ ಮೇಯರನನ್ನಾಗಿ ಆರಿಸಿದರು. ಆಗ ಊರಿನ ಜನಸಂಖ್ಯೆ ಸುಮಾರು 11,000. ಅಧ್ಯಕ್ಷನ ವಯಸ್ಸು ಕೇವಲ 28!

ದಂಡಿನಲ್ಲಿ ನಾಯಕನ ಮಾತಿಗೆ ಎದುರುಮಾತಿಲ್ಲ. ನಗರಸಭೆಯಲ್ಲಾದರೋ ಒಂದು ಚರಂಡಿಯನ್ನು ತೋಡಿಸಬೇಕಾದರೂ ಹತ್ತು ಮಂದಿಯನ್ನು ಒಪ್ಪಿಸಬೇಕು. ಅಧ್ಯಕ್ಷನಾಗಿದ್ದವನೆಂದು ಜನರು ಮುಂದೆಯೂ ಕೈಹಿಡಿಯುವರೆಂಬ ಭರವಸೆಯಿಲ್ಲ. 1913ರಲ್ಲಿ ಪ್ರಾಂತೀಯ ಶಾಸನಸಭೆಗೆ ನಿಂತು ಆತನು ಪುನಃ ಸೋತನು.

1915ರಲ್ಲಿ ಆತನು ಎಡ್ಮಂಟನ್ನಿನ 49ನೆಯ ದಳಕ್ಕೆ ನಾಯಕನಾಗಿ ಯೂರೋಪಿನ ರಣರಂಗಕ್ಕೆ ತೆರಳಿದನು. ಮುಂದೆ ಬ್ರಿಗೇಡಿನ ಅಧಿಪತಿಯಾದನು. 1917ರಲ್ಲಿ ಕೇಂದ್ರ ಲೋಕಸಭೆಯ ಚುನಾವಣೆ ಬಂದಿತು. ಪ್ರತಿಸ್ಪರ್ಧಿಯು ಸಾಮಾನ್ಯನಲ್ಲ, ಪತ್ರಿಕಾಕರ್ತನೂ ಮಾಜಿ ಮಂತ್ರಿಯೂ ಆದ ಫ್ರಾಂಕ್ ಆಲಿವರ್. ಊರಿನಲ್ಲಿದ್ದವರ ಮತಗಳಲ್ಲಿ ಆಲಿವರನೇ ಮುಂದಿದ್ದನು. ಕಡಲಾಚೆಯ ಯೋಧರ ಮತಗಳನ್ನು ಎಣಿಸಿದ ಮೇಲೆ ಗ್ರೀಸ್‌ಬಾಕನು ಗೆದ್ದನು.

ಇಲ್ಲಿ ನಾವು ಕ್ಷಣಕಾಲ ನಿಲ್ಲಬೇಕು. ಮನೆಯಲ್ಲಿದ್ದವರ ತೀರ್ಪನ್ನು ರಣರಂಗದಲ್ಲಿದ್ದವರು ಬದಲಿಸಿದುದು ನ್ಯಾಯವೆ? ಪ್ರಾಣವನ್ನೊಡ್ಡಿದವನಿಗೆ ಮತವಿಲ್ಲವೆನ್ನಲು ನಮಗೆ ಬಾಯಿ ಬಾರದು. ಆದರೆ ಆಜ್ಞೆಯನ್ನು ಪಾಲಿಸುವುದು ಬೇರೆ, ಪ್ರತಿನಿಧಿಯನ್ನು ಆರಿಸುವುದು ಬೇರೆ. ಇವೆರಡೂ ಬೆರೆತುಹೋಗದಂತೆ ಎಚ್ಚರವಾಗಿರುವುದು ಪ್ರಜಾರಾಜ್ಯದ ಧರ್ಮ.

1921ರಲ್ಲಿ ಆತನು ಸೆನೆಟ್ ಸಭೆಗೆ ನಿಯುಕ್ತನಾಗಿ, 1945ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿದ್ದನು. ಅದು ನೇಮಕದ ಪದವಿ. ಮತ ಬೇಡುವ ಕಷ್ಟವಿಲ್ಲ. ಆದರೆ ಚುನಾವಣೆಗಳಲ್ಲಿ ತನ್ನವರಿಂದಲೇ ತಿರಸ್ಕೃತನಾಗಿಯೂ ಅವರ ಮಕ್ಕಳನ್ನು ಕೂಡಿಸಿಕೊಂಡು ರಣಕ್ಕೆ ನಡೆದವನಲ್ಲವೆ ಆತ? ಪದವಿಗಿಂತ ಈ ಗುಣವೇ ನಮಗೆ ಹಿರಿದಾಗಿ ತೋರುತ್ತದೆ. ಗೆದ್ದಾಗ ಸೇವೆ ಸುಲಭ. ಸೋತ ಮೇಲೂ ಊರನ್ನು ತನ್ನದೆನ್ನುವವನೇ ನಿಜವಾದ ಪೌರನು.