ಪಾದಯಾತ್ರೆಯೂ ಕೈಯೊಳಗಿನ ನಕಾಶೆಯೂ

 

ಕಾಲ್ನಡಿಗೆಯ ಯಾತ್ರೆಯೆಂದೊಡನೆ ಈ ನಾಡಿನವರ ಮನಸ್ಸು ಶ್ರೀಶೈಲದ ಕಡೆಗೆ ತಿರುಗುವುದು ಸಹಜವೇ ಸರಿ. ಆದರೆ ಇಂದಿನ ವಿಷಯವನ್ನು ಚೆನ್ನಾಗಿ ಅರಿಯಬೇಕಾದರೆ ಮೊದಲು ಬಹುದೂರದ ಇನ್ನೊಂದು ದಾರಿಯನ್ನು ನೋಡುವುದು ಅವಶ್ಯ. ಯಾತ್ರಿಕನು ಸ್ಮಾರ್ಟ್‌ಫೋನಿನಲ್ಲಿ ಆ್ಯಪನ್ನು ತೆರೆದು ಅದು ತೋರಿಸಿದಂತೆ ಹೆಜ್ಜೆಯಿಡುವ ಪದ್ಧತಿಯು ಆ ದಾರಿಯಲ್ಲಿ ಆಳವಾಗಿ ಬೇರೂರಿರುವುದರಿಂದ, ಅದರ ಗುಣವೂ ದೋಷವೂ ಅಲ್ಲಿ ನಿಚ್ಚಳವಾಗಿ ಕಾಣುವವು.

ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿ ಗಲೀಸಿಯಾ ಎಂಬ ಪ್ರಾಂತವಿದೆ. ಅಲ್ಲಿಯ ಸಾಂತಿಯಾಗೊ ದೆ ಕೊಂಪೊಸ್ತೆಲಾ ಪಟ್ಟಣದಲ್ಲಿ ಏಸುವಿನ ಶಿಷ್ಯನಾದ ಸಂತ ಯಾಕೋಬನ ಸಮಾಧಿಯುಂಟೆಂದು 9ನೆಯ ಶತಮಾನದಿಂದ ಕ್ರೈಸ್ತರು ನಂಬಿಕೊಂಡು ಬಂದಿರುವರು. ಅಲ್ಲಿಗೆ ಸೇರುವ ದಾರಿಗಳು ಅನೇಕ. ಅವುಗಳಲ್ಲಿ ಪ್ರಸಿದ್ಧವಾದುದು ಫ್ರಾನ್ಸಿನ ಗಡಿಯೊಳಗಿನ ಸ್ಯಾಂ ಜಾಂ ಪಿಯೆ ದ ಪೋರ್ ಎಂಬ ಊರಿನಿಂದ ಹೊರಟು, ಪಿರಿನೀಸ್ ಪರ್ವತವನ್ನು ದಾಟಿ, ಸುಮಾರು 780 ಕಿಲೋಮೀಟರು ಸಾಗುವಂಥದು. ನಡೆಯುವವರಿಗೆ ಒಂದು ತಿಂಗಳಿಗಿಂತ ತುಸು ಹೆಚ್ಚೇ ಬೇಕು. 1980ರ ದಶಕದ ಮಧ್ಯದಲ್ಲಿ ಯಾತ್ರೆ ಪೂರೈಸಿದ ಪತ್ರವನ್ನು ಪಡೆಯುವವರು ವರ್ಷಕ್ಕೆ ಮೂರು ಸಾವಿರವನ್ನೂ ಮುಟ್ಟುತ್ತಿರಲಿಲ್ಲ. 2024ರಲ್ಲಿ ಅದೇ ಪತ್ರವನ್ನು ಪಡೆದವರು ಐದು ಲಕ್ಷಕ್ಕೆ ತೀರ ಸಮೀಪದಲ್ಲಿದ್ದರು.

ದಾರಿ ತೋರಿಸುವ ಸಾಧನವು ಈ ಹಾದಿಗೆ ಹೊಸದೇನಲ್ಲ. 12ನೆಯ ಶತಮಾನದ ಕೊಡೆಕ್ಸ್ ಕಾಲಿಕ್ಸ್‌ತಿನುಸ್ ಎಂಬ ಗ್ರಂಥದ ಐದನೆಯ ಭಾಗವು ಯಾತ್ರಿಕರಿಗಾಗಿಯೇ ಬರೆದ ಕೈಪಿಡಿಯಾಗಿದೆ. ಯಾವ ಊರಿನಿಂದ ಯಾವ ಊರಿಗೆ ಎಷ್ಟು ದಿನದ ನಡಿಗೆ, ಯಾವ ನದಿಯ ನೀರು ಕುಡಿಯಲು ಯೋಗ್ಯ, ಯಾವುದು ವಿಷಸಮಾನ ಎಂಬುದೆಲ್ಲ ಅದರಲ್ಲಿ ಬರೆದಿದೆ. ನವಾರಾ ಸೀಮೆಯ ಸಲಾದೊ ಎಂಬ ಹೊಳೆಯ ವೃತ್ತಾಂತವಂತೂ ಕೇಳತಕ್ಕದ್ದು. ಆ ಹೊಳೆಯ ದಂಡೆಯಲ್ಲಿ ಇಬ್ಬರು ಕುಳಿತು ಚೂರಿಗಳನ್ನು ಮಸೆಯುತ್ತಿದ್ದರಂತೆ. ಬಾಯಾರಿದ ಕುದುರೆಗಳೊಡನೆ ಬಂದ ಪ್ರವಾಸಿಗರು, ಈ ನೀರು ಒಳ್ಳೆಯದೇ ಎಂದು ಅವರನ್ನು ಕೇಳಿದರು; ಒಳ್ಳೆಯದೆಂದು ಅವರು ಉತ್ತರಕೊಟ್ಟರು. ಕುಡಿದ ಕುದುರೆಗಳಲ್ಲಿ ಎರಡು ಅಲ್ಲಿಯೇ ಸತ್ತುಬೀಳಲು, ಆ ಇಬ್ಬರೂ ಕೂಡಲೇ ಅವುಗಳ ಚರ್ಮವನ್ನು ಸುಲಿಯತೊಡಗಿದರು. ಹಿಂದಿನ ಕಾಲದಲ್ಲಿ ಜನರು ಒಬ್ಬರನ್ನೊಬ್ಬರು ಕೇಳಿಕೊಂಡು ನಿಶ್ಚಿಂತೆಯಿಂದ ನಡೆಯುತ್ತಿದ್ದರು, ಈ ಯಂತ್ರಗಳು ಬಂದು ಎಲ್ಲವೂ ಕೆಟ್ಟಿತು ಎಂದು ನಿಟ್ಟುಸಿರು ಬಿಡುವವರು ಈ ಪ್ರಸಂಗವನ್ನು ಮರೆಯಬಾರದು. ಕೇಳಿದ ಮಾತು ಹುಸಿಯಾದ ಕಡೆ ಬರೆದಿಟ್ಟ ಮಾತು ಬೇಕಾಯಿತು.

ಮುಂದೆ ಶತಮಾನಗಳು ಕಳೆದು ಯಾತ್ರೆಯು ಕ್ಷೀಣಿಸಿತು. ಹಳೆಯ ಹಾದಿಗಳು ಹೊಲಗಳಲ್ಲಿಯೂ ಮೋಟಾರು ರಸ್ತೆಗಳಲ್ಲಿಯೂ ಅಡಗಿಹೋದವು. ಓ ಸೆಬ್ರೆಯ್ರೊ ಎಂಬ ಬೆಟ್ಟದೂರಿನ ಪಾದ್ರಿಯಾಗಿದ್ದ ಎಲಿಯಾಸ್ ವಲಿಞ (1929–1989) ಎಂಬ ವಿದ್ವಾಂಸರು ಅವುಗಳನ್ನು ಶೋಧಿಸಿ, 1984ರಲ್ಲಿ ಕವಲುಗಳಲ್ಲಿನ ಕಲ್ಲು, ಮರ, ಗೋಡೆಗಳ ಮೇಲೆ ಹಳದಿ ಬಣ್ಣದ ಬಾಣಗಳನ್ನು ತಾವೇ ಬರೆಯತೊಡಗಿದರು. ರಸ್ತೆಯ ಕೆಲಸದವರಲ್ಲಿ ಮಿಕ್ಕಿದ ಬಣ್ಣವದು ಎಂದು ಹೇಳುವರು. ಇಂದು ಆ ಹಳದಿ ಬಾಣವೇ ಆ ಯಾತ್ರೆಯ ಮುದ್ರೆಯಾಗಿರುವುದು. ಬಾಣವನ್ನು ಕಂಡ ಯಾತ್ರಿಕನು ಎರಡನೆಯ ಯೋಚನೆಯಿಲ್ಲದೆ ಆ ದಿಕ್ಕಿಗೆ ತಿರುಗುವನು.

ಅಂಥ ನಂಬಿಕೆಗೂ ಒಮ್ಮೆ ಘೋರವಾದ ಪೆಟ್ಟು ಬಿದ್ದಿತು. 2015ರ ಏಪ್ರಿಲಿನಲ್ಲಿ ಆಸ್ತೊರ್ಗಾ ಪಟ್ಟಣದ ಬಳಿ ಒಂಟಿಯಾಗಿ ನಡೆಯುತ್ತಿದ್ದ ಯಾತ್ರಿಕಳೊಬ್ಬಳು ಕಾಣೆಯಾದಳು; ಸೆಪ್ಟೆಂಬರಿನಲ್ಲಿ ಆಕೆಯ ಶವವು ದೊರೆಯಿತು. ಕೊಲೆಗಾರನಿಗೆ ಶಿಕ್ಷೆಯೂ ಆಯಿತು. ಅವನ ಮನೆಯ ಕಡೆಗೆ ಸೆಳೆಯುವಂತೆ ಅಲ್ಲಿ ಹುಸಿ ಬಾಣಗಳನ್ನು ಬರೆಯಲಾಗಿತ್ತೆಂದು ಆಗಿನ ವರದಿಗಳು ಹೇಳಿದವು. ಒಬ್ಬ ಸಾಧು ಪುರುಷನು ಪರೋಪಕಾರಕ್ಕಾಗಿ ಹಾಕಿದ ಗುರುತನ್ನೇ ಬೇರೊಬ್ಬನು ಬಲೆಯಾಗಿ ಮಾಡಬಲ್ಲನೆಂದಮೇಲೆ, ಗುರುತನ್ನು ಇನ್ನೊಂದರೊಡನೆ ತಾಳೆನೋಡುವ ಸಾಧನವು ಯಾತ್ರಿಕನ ಕೈಯಲ್ಲಿರುವುದು ಬೇಡವೆನ್ನಲು ಯಾರಿಗೆ ಬಾಯಿ ಬಂದೀತು? ಬಾಣವು ಎಡಕ್ಕೆಂದಾಗ ಫೋನಿನ ನಕಾಶೆಯು ಬಲಕ್ಕೆಂದರೆ, ಅಲ್ಲಿ ನಿಂತು ಯೋಚಿಸಲು ಕಾರಣ ಸಿಕ್ಕಿತು. ಸ್ಪೇನಿನ ಗೃಹಖಾತೆಯವರ ಅಲರ್ಟ್‌ಕಾಪ್ಸ್ ಎಂಬ ಆ್ಯಪಿನಿಂದ ಯಾತ್ರಿಕರು ಆಪತ್ಕಾಲದಲ್ಲಿ ತಾವಿರುವ ಸ್ಥಳವನ್ನು ಪೊಲೀಸರಿಗೆ ತಿಳಿಸಲೂ ಬರುತ್ತದೆ.

ಈ ಆ್ಯಪುಗಳ ಕಾರ್ಯವಿಧಾನವನ್ನು ಸ್ವಲ್ಪದರಲ್ಲಿ ಹೇಳುವುದಾದರೆ: ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿರುವ ಜಿ.ಪಿ.ಎಸ್. ಉಪಗ್ರಹಗಳು ಎಡೆಬಿಡದೆ ಕಾಲಸೂಚನೆಯನ್ನು ಕಳುಹಿಸುತ್ತಿರುವವು. ಫೋನು ಕಡಿಮೆಯೆಂದರೆ ನಾಲ್ಕು ಉಪಗ್ರಹಗಳ ಸೂಚನೆಯನ್ನು ಹಿಡಿದು, ಅವು ಬಂದು ಮುಟ್ಟಿದ ಕಾಲದ ಅಂತರದಿಂದ ತಾನಿರುವ ಸ್ಥಳವನ್ನು ಗಣಿಸುವುದು. ಇಲ್ಲಿ ಬಹುಜನರಿಗೆ ಒಂದು ಭ್ರಾಂತಿಯುಂಟು. ನೆಟ್‌ವರ್ಕ್ ಇಲ್ಲದೆಡೆ ಫೋನಿಗೆ ತನ್ನ ಸ್ಥಳ ತಿಳಿಯದೆಂದು ಅವರು ಭಾವಿಸುವರು. ಹಾಗಲ್ಲ, ಉಪಗ್ರಹದ ಸೂಚನೆಗೆ ನೆಟ್‌ವರ್ಕಿನ ಹಂಗಿಲ್ಲ, ಆಕಾಶ ತೆರೆದಿದ್ದರೆ ಸಾಕು. ನೆಟ್‌ವರ್ಕ್ ಬೇಕಾಗುವುದು ನಕಾಶೆಯ ಚಿತ್ರವನ್ನು ತರಿಸಿಕೊಳ್ಳುವುದಕ್ಕೆ. ಊರಿನಲ್ಲಿರುವಾಗಲೇ ನಕಾಶೆಯನ್ನು ಇಳಿಸಿಟ್ಟುಕೊಂಡವನು ಅಡವಿಯಲ್ಲಿಯೂ ತನ್ನ ಠಾವನ್ನು ಕಾಣುವನು. ಇಳಿಸಿಟ್ಟುಕೊಳ್ಳದವನಿಗೆ ಬರಿಯ ಬಿಳಿಯ ಹಾಳೆಯ ಮೇಲೊಂದು ಚುಕ್ಕೆ ಕಂಡೀತು, ಅಷ್ಟೆ.

ಬುಯೆನ್ ಕಮೀನೊ, ವೈಸ್ ಪಿಲ್‌ಗ್ರಿಮ್ ಮುಂತಾದ ಆ್ಯಪುಗಳು ಸ್ಪೇನಿನ ಈ ದಾರಿಗಾಗಿಯೇ ರಚಿತವಾದಂಥವು. ಮುಂದಿನ ಊರಿಗೆ ಎಷ್ಟು ದೂರ, ಏರೆಷ್ಟು, ಇಳಿಜಾರೆಷ್ಟು, ತಂಗುವ ಮನೆಗಳಾವುವು ಎಂಬುದನ್ನು ಅವು ತಿಳಿಸುವವು. ಕರಿಯೊನ್ ದೆ ಲೊಸ್ ಕೊಂದೆಸ್ ಊರನ್ನು ಬಿಟ್ಟಮೇಲೆ ಸುಮಾರು 17 ಕಿಲೋಮೀಟರು ಊರೊಂದೂ ಸಿಕ್ಕದ ಬಯಲು. ಬೇಸಗೆಯಲ್ಲಿ ನೀರಿನ ಚೀಲವನ್ನು ತುಂಬಿಕೊಳ್ಳದೆ ಅಲ್ಲಿಗೆ ಇಳಿದವನ ಪಾಡು ಹೇಳತೀರದು. ಇಂಥಲ್ಲಿ ಹಿಂದಿನ ಸಾಯಂಕಾಲವೇ ಎಚ್ಚರಿಸುವ ಆ್ಯಪು ನಿಜವಾದ ಉಪಕಾರಿ. ಆದರೆ ಪಿರಿನೀಸಿನ ಎತ್ತರದ ದಾರಿಯ ಮಾತು ಬೇರೆ. 1,400 ಮೀಟರಿಗೂ ಮೇಲೇರುವ ಆ ದಾರಿಯನ್ನು ನವೆಂಬರಿನಿಂದ ಮಾರ್ಚಿಯವರೆಗೆ ಸರಕಾರದವರು ಮುಚ್ಚುವರು; ಹಿಮದಲ್ಲಿ ಸಿಲುಕಿ ಪ್ರಾಣ ಕಳೆದುಕೊಂಡವರುಂಟು. ಫೋನಿನ ಗೆರೆಯು ಹಿಮದ ಮೇಲೆಯೂ ಹಾಗೆಯೇ ನೇರವಾಗಿ ಮಿನುಗುತ್ತಿರುವುದು! ಆಗ ನಂಬತಕ್ಕುದು ಕೆಳಗಿನ ಊರಿನ ಯಾತ್ರಿಕರ ಕಚೇರಿಯವರ ಮಾತನ್ನು.

ಇನ್ನೊಂದು ಹಾನಿಯು ಕಣ್ಣಿಗೆ ಬೇಗ ಬೀಳದು. ಅಲ್ಲಿಯ ಪೌರಸಭೆಗಳ ತಂಗುಮನೆಗಳು ಸಾಮಾನ್ಯವಾಗಿ ಮೊದಲು ಬಂದವರಿಗೆ ಮೊದಲು ಹಾಸಿಗೆ ಕೊಡುವವು. ಖಾಸಗಿಯವು ಮುಂಗಡ ಗೊತ್ತುಪಡಿಸಲು ಒಪ್ಪುವವು. ಆದುದರಿಂದ ಬೆಳಗಿನಲ್ಲಿಯೇ ಫೋನಿನಿಂದ ಹಾಸಿಗೆಯನ್ನು ಕಾದಿರಿಸಿದವನು ನೆಮ್ಮದಿಯಿಂದ ನಡೆಯುವನು. ಫೋನಿಲ್ಲದ ವೃದ್ಧನು ಕುಂಟುತ್ತ ಸಂಜೆಗೆ ಬಂದು, ಸ್ಥಳವಿಲ್ಲವೆಂಬ ಮಾತನ್ನು ಕೇಳಿ ಮುಂದಿನ ಊರಿಗೆ ಸಾಗುವನು. ಇದು ಆ್ಯಪಿನ ದೋಷವೆನ್ನುವುದಕ್ಕಿಂತ ಅದನ್ನು ಹಿಡಿದವರ ದೋಷವೆನ್ನುವುದೇ ನ್ಯಾಯ.

ಈ ಸಂಬಂಧದಲ್ಲಿ ಮಠದ ಭಕ್ತರಿಗೆ ಪ್ರಿಯವಾಗಬಹುದಾದ ಸಂಗತಿಯೊಂದುಂಟು. 2004ರಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕಾಶೆಯು ಆರಂಭವಾಯಿತು. ಜಗತ್ತಿನ ಸಾಮಾನ್ಯ ಜನರು ತಮಗೆ ತಿಳಿದ ಕಾಲುದಾರಿ, ಬಾವಿ, ಕಟ್ಟೆಗಳನ್ನು ಸ್ವಯಂಸೇವೆಯಿಂದ ಅದರಲ್ಲಿ ಬರೆಯುವರು; ಯಾರು ಬೇಕಾದರೂ ಬೆಲೆಯಿಲ್ಲದೆ ಉಪಯೋಗಿಸಬಹುದು. ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಆ್ಯಪು ಅದೇ ನಕಾಶೆಯನ್ನು ನೆಟ್‌ವರ್ಕಿಲ್ಲದೆ ತೋರಿಸುವುದು. ಬೆವರು ಸುರಿಸಿ ದುಡಿದುದನ್ನು ಹೆಸರು ಹೇಳಿಕೊಳ್ಳದೆ ಹಂಚುವ ಈ ಕೆಲಸಕ್ಕೆ ದಾಸೋಹವೆಂಬ ಹೆಸರು ಒಪ್ಪದೆ?

ಇನ್ನು ಶ್ರೀಶೈಲಕ್ಕೆ ಬರಬಹುದು. ಯುಗಾದಿಯ ಮುಂಚೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಮೊದಲಾದ ಕಡೆಗಳಿಂದ ಹೊರಡುವ ಭಕ್ತರು ಆತ್ಮಕೂರಿನವರೆಗೆ ಊರುಗಳ ನಡುವೆಯೇ ನಡೆಯುವರು. ಅಲ್ಲಿಯವರೆಗೆ ದಾರಿ ತಪ್ಪುವ ಭಯವಿಲ್ಲ. ಹೆಜ್ಜೆಹೆಜ್ಜೆಗೂ ಅನ್ನ ನೀರು ನೀಡುವ ಭಕ್ತರಿರುವರು. ವೆಂಕಟಾಪುರವನ್ನು ದಾಟಿ ನಲ್ಲಮಲ ಅರಣ್ಯವನ್ನು ಹೊಕ್ಕಮೇಲೆ ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನು, ಕೈಲಾಸದ್ವಾರ ಎಂಬ ಕ್ರಮ. ಇದು ನಾಗಾರ್ಜುನಸಾಗರ–ಶ್ರೀಶೈಲ ಹುಲಿರಕ್ಷಿತ ಪ್ರದೇಶ. ಅರಣ್ಯದ ಒಳಗೆ ನೆಟ್‌ವರ್ಕನ್ನು ನೆಚ್ಚುವಂತಿಲ್ಲ. ಆದರೆ ನಲ್ಲಮಲದ್ದು ಎಲೆಯುದುರುವ ಕಾಡು. ಯುಗಾದಿಯ ಹೊತ್ತಿಗೆ ಬಹಳ ಮರಗಳು ಬೋಳಾಗಿ ಆಕಾಶ ತೆರೆದಿರುವುದರಿಂದ ಉಪಗ್ರಹದ ಸೂಚನೆಗೆ ಅಷ್ಟು ಅಡ್ಡಿಯಿರದು. ಮೋಟಾರಿನ ದಾರಿಯನ್ನು ತೋರಿಸುವ ಆ್ಯಪನ್ನು ಆತ್ಮಕೂರಿನಲ್ಲಿ ಕೇಳಿದರೆ ಅದು ದೋರ್ನಾಲದ ಮೇಲೆ ಬಹುದೂರ ಸುತ್ತಿಸೀತು; ಕಾಲುದಾರಿಯ ನಕಾಶೆಯನ್ನು ಬೇರೆಯಾಗಿ ಇಳಿಸಿಟ್ಟುಕೊಳ್ಳಬೇಕು. ಅರಣ್ಯ ಖಾತೆಯವರು ಆ ವರ್ಷ ಯಾವ ದಿನಗಳಲ್ಲಿ ದಾರಿಯನ್ನು ಬಿಟ್ಟಿರುವರೆಂಬುದನ್ನು ಮಾತ್ರ ಯಾವ ನಕಾಶೆಯೂ ಹೇಳದು. ಅದನ್ನು ಹೊರಡುವ ಮುನ್ನವೇ ವಿಚಾರಿಸತಕ್ಕದ್ದು.

ಪ್ರತಿಯೊಬ್ಬನೂ ಫೋನನ್ನು ನೋಡುತ್ತ ನಡೆಯಬೇಕಾದ ಅಗತ್ಯವಿಲ್ಲ. ತಂಡಕ್ಕೆ ಇಬ್ಬರು ಸಾಕು: ಒಬ್ಬನು ಮುಂದೆ, ಇನ್ನೊಬ್ಬನು ಎಲ್ಲರಿಗಿಂತ ಹಿಂದೆ. ಮುಂದಿನವನ ಫೋನು ಚಾಲೂ ಇರಲಿ, ಹಿಂದಿನವನದು ಬ್ಯಾಟರಿ ಉಳಿಯುವಂತೆ ಮುಚ್ಚಿರಲಿ. ಕವಲು ಬಂದಲ್ಲಿ ಮುಂದಿನವನು ನಿಂತು, ಹಿಂದಿನವನು ಬಂದು ಸೇರುವವರೆಗೆ ಕಾಯತಕ್ಕದ್ದು. ಆ ಇಬ್ಬರ ನಡುವೆ ಬರುವ ಮುದುಕ ಮುದುಕಿಯರು ಎಷ್ಟು ತಡವಾಗಿ ಬಂದರೂ ಸರಿಯೆ.