ತಾಲೀಮು ಸಾಲದಾಗ



ತಾಲೀಮು ಸಾಲದೆ ಸಂಗೀತ ನಾಟಕ ಕೆಟ್ಟಿತೆಂಬ ಮಾತನ್ನು ನಾವು ಪದೇ ಪದೇ ಕೇಳುತ್ತೇವೆ. 1921ರ ಜುಲೈ 8ರಂದು ಮುಂಬಯಿಯಲ್ಲಿ ತಿಲಕ ಸ್ವರಾಜ್ಯ ನಿಧಿಗಾಗಿ ಎರಡು ಮಂಡಳಿಗಳು ಕೂಡಿ ಖಾಡಿಲಕರರ ‘ಮಾನಾಪಮಾನ’ವನ್ನು ಆಡಿದವು. ಬಾಲಗಂಧರ್ವರು ಭಾಮಿನಿ, ಕೇಶವರಾವ ಭೋಸಲೆಯವರು ಧೈರ್ಯಧರ. ಭೋಸಲೆಯವರ ಲಲಿತಕಲಾದರ್ಶವು 1908ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿಯೇ ಜನ್ಮತಾಳಿದುದು. ಪ್ರತಿಸ್ಪರ್ಧಿಗಳಾದ ಇವರಿಗೆ ವರ್ಷಗಟ್ಟಲೆ ಜೊತೆಯಾಗಿ ಮಾಡಿದ ತಾಲೀಮಿನ ಬಲವಿರಲಿಲ್ಲ.

ಮಾತು ಮರೆತರೆ ನಟನು ಹೇಗಾದರೂ ಸಾಗಿಸಿಯಾನು. ತಾಳವು ಯಾರಿಗೂ ಕಾಯದು. ಎದುರಿನವರ ಆಲಾಪವು ಎಲ್ಲಿ ನಿಲ್ಲುವುದೆಂಬುದನ್ನು ಕಿವಿಯಿಂದಲೇ ಅರಿಯಬೇಕು. ತನ್ನ ಮೇಲ್ಮೆಯನ್ನೇ ಮೆರೆಸುವವನಿಗೆ ಅದು ಕೇಳಿಸುವುದೆಂತು?

ಆ ಆಟವನ್ನು ರಸಿಕರು ಇಂದಿಗೂ ಸ್ಮರಿಸುತ್ತಾರೆ. ಅದೇ ಅಕ್ಟೋಬರದಲ್ಲಿ ಭೋಸಲೆಯವರು ದಿವಂಗತರಾದರು. ತಾಲೀಮು ಸಾಲದೆಂದು ಕಾಯುತ್ತ ಕುಳಿತಿದ್ದರೆ, ಆ ಎರಡು ಕಂಠಗಳು ಕೂಡುತ್ತಲೇ ಇರಲಿಲ್ಲ!