ಬಕ್ಲಿ ಸಾಹೇಬನ ಇಂಗ್ಲಿಷ್

(ರಾಯಚೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ದೇವದುರ್ಗ, ಮಾನವಿ ಕಡೆಯಿಂದ ಬಂದ ನಮ್ಮ ಹುಡುಗರು ಕಾಲೇಜಿನಾಗ ಚರ್ಚೆ ಅಂದ್ರ ಹಿಂದಿನ ಬೆಂಚಿಗೆ ಹೋಗಿ ಕೂಡ್ತಾರ. ಕೇಳಿದ್ರ, "ಅವರು ಇಂಗ್ಲಿಷಿನಾಗ ಮಾತಾಡ್ತಾರ್ರಿ ಸರ್, ನಮಗ ಬಾಯಿ ಏಳಂಗಿಲ್ಲ" ಅಂತಾರ. ಕೋಟು ಹಾಕಿಕೊಂಡು ಟಿ.ವಿ.ಯೊಳಗೆ 'ಪ್ರತಿಭೆ, ಪ್ರತಿಭೆ' ಅನ್ನುವವರನ್ನು ನೋಡಿದಾಗಲೂ ಹಿಂಗೇ. ಅದಕ್ಕೇ ಇಂಥವರಿಗೆಲ್ಲ ದೊಡ್ಡಣ್ಣನಂತಿದ್ದ ಅಮೆರಿಕದ ಒಬ್ಬನ ಕತೆ ಹೇಳ್ತೀನಿ.

ಹೆಸರು ವಿಲಿಯಂ ಎಫ್. ಬಕ್ಲಿ. ಹುಟ್ಟಿದ್ದು 1925, ಸತ್ತಿದ್ದು 2008. ಎಣ್ಣೆ ವ್ಯಾಪಾರದ ಶ್ರೀಮಂತನ ಮಗ, ಯೇಲ್ ವಿಶ್ವವಿದ್ಯಾಲಯದ ಪದವೀಧರ. 1955ರಲ್ಲಿ 'ನ್ಯಾಷನಲ್ ರಿವ್ಯೂ' ಪತ್ರಿಕೆ ಶುರುಮಾಡಿ ಸಂಪ್ರದಾಯವಾದಿಗಳನ್ನು ಒಟ್ಟು ಸೇರಿಸಿದ. 1966ರಿಂದ 1999ರವರೆಗೆ ಟೆಲಿವಿಷನ್ನಿನಲ್ಲಿ 'ಫೈರಿಂಗ್ ಲೈನ್' ಎಂಬ ಚರ್ಚೆ ನಡೆಸಿದ. ಕುರ್ಚಿಯಲ್ಲಿ ಒರಗಿ, ಹುಬ್ಬು ಹಾರಿಸುತ್ತ, ನಿಘಂಟಿನಲ್ಲಿ ಹುಡುಕಬೇಕಾದ ಪದಗಳನ್ನು ಎಸೆಯುವುದು ಆತನ ಠೀವಿ. ತಮಾಷೆ ಏನಂದ್ರ, ಆ ಇಂಗ್ಲಿಷ್ ಆತನಿಗೆ ತೊಟ್ಟಿಲ ಭಾಷೆ ಅಲ್ಲ. ಮೊದಲು ಆಡಿದ್ದು ಸ್ಪ್ಯಾನಿಷ್. ಇಂಗ್ಲಿಷನ್ನು ಸಾಲಿಯೊಳಗೇ ಕಲಿತ, ನಮ್ಮಂಗ. ಸಾಲಿ ಮಾತ್ರ ಲಂಡನ್ನಿನದು.

1957ರಲ್ಲಿ ಆತನ ಪತ್ರಿಕೆ ಒಂದು ಸಂಪಾದಕೀಯ ಬರೆಯಿತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರ ಸಂಖ್ಯೆ ಕಡಿಮೆ ಇದ್ದ ಕಡೆಯೂ ಅವರ ಮಾತೇ ನಡೆಯಬೇಕು, ಯಾಕಂದ್ರ ಸದ್ಯಕ್ಕೆ ಮುಂದುವರಿದವರು ಅವರೇ ಎಂಬುದು ಅದರ ವಾದ. ಆ 'ಸದ್ಯಕ್ಕೆ' ಗಮನಿಸ್ರಿ. ನೀವಿನ್ನೂ ತಯಾರಾಗಿಲ್ಲ, ಕಾಯಿರಿ ಅನ್ನೋದನ್ನ ನಾವು ಊರಾಗ ಗೌಡರ ಕಟ್ಟೆಯ ಮುಂದೆ ಕೇಳಿದ್ದೇವೆ. ಅಲ್ಲಿ ಅದು ಬೈಗುಳ, ಇಲ್ಲಿ ಸಂಪಾದಕೀಯ.

1965ರ ಫೆಬ್ರುವರಿಯಲ್ಲಿ ಕೇಂಬ್ರಿಜ್‌ನಲ್ಲಿ ಆತನ ಎದುರು ನಿಂತವನು ಕಪ್ಪು ಲೇಖಕ ಜೇಮ್ಸ್ ಬಾಲ್ಡ್ವಿನ್. ನ್ಯೂಯಾರ್ಕಿನ ಹಾರ್ಲೆಂ ಕೇರಿಯವನು, ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಅಮೆರಿಕದ ಕನಸು ನನಸಾದದ್ದು ಕಪ್ಪು ಜನರನ್ನು ಬಲಿಗೊಟ್ಟೋ ಎಂಬುದು ಚರ್ಚೆಯ ವಿಷಯ. ಹತ್ತಿ ಬಿಡಿಸಿದವನೂ ನಾನು, ಪೇಟೆಗೆ ಹೊತ್ತವನೂ ನಾನು, ಚಾವಟಿ ಕೆಳಗೆ ಬಿಟ್ಟಿ ದುಡಿದು ರೈಲುದಾರಿ ಹಾಕಿದವನೂ ನಾನೇ ಎಂಬ ಅರ್ಥದಲ್ಲಿ ಬಾಲ್ಡ್ವಿನ್ ಮಾತಾಡಿದ. ರಾಯಚೂರಿನ ಗಂಜಿನಾಗ ಹತ್ತಿ ಬಂದು ಬೀಳೋದನ್ನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾನವಿಯ ಹೊಲದಾಗ ಹತ್ತಿ ಬಿಡಿಸಿ ನಮ್ಮ ಅವ್ವಂದಿರ ಬೆರಳು ಸೀಳಿರ್ತಾವ.

ಬಕ್ಲಿಯ ಉತ್ತರ? ಬಾಲ್ಡ್ವಿನ್ ಬ್ರಿಟಿಷರ ಧಾಟಿಯಲ್ಲಿ ಮಾತಾಡಿದ ಅಂತ ಕೊಂಕು. ಮಿಸಿಸಿಪ್ಪಿಯಲ್ಲಿ ಕಪ್ಪು ಜನರಿಗೆ ಮತ ಇಲ್ಲದ್ದು ತೊಂದರೆಯಲ್ಲ, ಬಿಳಿಯರಲ್ಲೇ ಬಹಳ ಮಂದಿ ಮತ ಹಾಕ್ತಾರ, ಅದೇ ತೊಂದರೆ ಅಂತ ಚಟಾಕಿ. ಸಭೆ ನಕ್ಕಿತು. ಮತ ಎಣಿಸಿದಾಗ ಬಾಲ್ಡ್ವಿನ್ ಪಕ್ಷಕ್ಕೆ 544, ಬಕ್ಲಿ ಪಕ್ಷಕ್ಕೆ 164.

ಒಂದು ಗುಣ ಒಪ್ಪಬೇಕು. ಎದುರಾಳಿಗಳನ್ನು ಆತ ಕರೆದು ಕೂರಿಸುತ್ತಿದ್ದ. ಕಪ್ಪು ಪ್ಯಾಂಥರ್ ನಾಯಕ ಹ್ಯೂಯಿ ನ್ಯೂಟನ್ನನನ್ನು 1973ರಲ್ಲಿ ಕರೆಸಿದ್ದ. 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹೆಸರು ತಗೊಂಡದ್ದು ಆ ಪ್ಯಾಂಥರರಿಂದಲೇ. ನಮ್ಮ ಇಂದಿನ ಚಾನೆಲ್ಲುಗಳಲ್ಲಿ ಎದುರಿನವರಿಗೆ ಎರಡು ವಾಕ್ಯ ಮುಗಿಸೋದೇ ಕಷ್ಟ.

2004ರಲ್ಲಿ, ಮುಪ್ಪಿನ ಕಾಲಕ್ಕೆ, ನನ್ನದು ತಪ್ಪು, ಕೇಂದ್ರ ಸರ್ಕಾರ ಕೈಹಾಕಲೇಬೇಕಿತ್ತು ಅಂತ ಬಕ್ಲಿ ಒಪ್ಪಿಕೊಂಡ. 47 ವರ್ಷ ಹಿಡಿಯಿತು. ಪುಣ್ಯಕ್ಕೆ ಕಪ್ಪು ಜನ ಕಾಯಲಿಲ್ಲ. ಬೀದಿಗಿಳಿದು, ಏಟು ತಿಂದು, 1965ರಲ್ಲೇ ಮತದ ಹಕ್ಕಿನ ಕಾಯ್ದೆ ಮಾಡಿಸಿಕೊಂಡರು.

ಇನ್ನು ನಮ್ಮ ಕಡೆ ನೋಡ್ರಿ. 2013ರಲ್ಲಿ 371(ಜೆ) ಜಾರಿಗೆ ಬಂತು. ನಿಮ್ಮ ಭಾಗ ಹಿಂದುಳಿದದ, ಅದಕ್ಕೇ ಸೀಟು ತಗೊಳ್ರಿ, ನೌಕರಿ ತಗೊಳ್ರಿ ಅಂತು ಸಂವಿಧಾನ. ಎಲ್ಲ ಜಾತಿಯವರೂ ತಗೊಂಡ್ರು, ತಗೊಳ್ಳಲಿ. ಆದರ ಅದೇ ಸರ್ಟಿಫಿಕೇಟು ಕಿಸೆಯಾಗ ಇಟ್ಟುಕೊಂಡವರಲ್ಲಿ ಕೆಲವರಿಗೆ ನಮ್ಮ ಹುಡುಗರ ಸೀಟು ಕಂಡ ಕೂಡಲೇ ಪ್ರತಿಭೆ ನೆನಪಾಗ್ತದ! ಕ್ಲಾಸಿನಾಗ ಎದ್ದು ಇದನ್ನು ಕೇಳಲು ಯಾವ ನಿಘಂಟೂ ಬೇಕಾಗಿಲ್ಲ.

ಮುಂದಿನ ಭಾನುವಾರ ಹಾಸ್ಟೆಲಿನಲ್ಲಿ ನಾವೇ ಒಂದು ಚರ್ಚೆ ಇಟ್ಟುಕೊಳ್ಳೋಣ. ಬಕ್ಲಿಯ ಪಕ್ಷ ಹಿಡಿಯಲು ಚೆನ್ನಾಗಿ ವಾದಿಸುವ ಇಬ್ಬರು ಬೇಕು, ಈಗಲೇ ಹೆಸರು ಕೊಡ್ರಿ. ಕನ್ನಡದಾಗ ಮಾತಾಡಬಹುದು, ಉರ್ದುದಾಗ ಮಾತಾಡಬಹುದು, ತಪ್ಪು ಇಂಗ್ಲಿಷಿನಾಗೂ ಮಾತಾಡಬಹುದು. ಬೆಂಚು ಹಾಕಂಗಿಲ್ಲ, ಜಮಖಾನಿ ಮೇಲೆ ದುಂಡಗೆ ಕೂಡೋಣ.

ಜೈ ಭೀಮ್.